ಇಪ್ಪತ್ತಕ್ಕೆ ಮೂವತ್ತು

ಗೂಡಿನ ಹರಾಜು ಮುಗಿಯುವ ತನಕ
ಶಿಡ್ಲಘಟ್ಟದಲ್ಲಿ ಯಾರಿಗೂ ಕಾನೂನು ಬೇಡ.
ಆಮೇಲೆ ನನ್ನ ಮೆಟ್ಟಿಲ ಮೇಲೆ ಕಾಲಿನ ಸದ್ದು.

ಖಮರುನ್ನಿಸಾ ಬಂದದ್ದು ಹಾಗೇ, ಒಂದು ಮಂಗಳವಾರ.
ಬೆಂದ ಹುಳುವಿನ ವಾಸನೆ ಮೊದಲು, ಅವಳು ಆಮೇಲೆ.
ಚೀಲದೊಳಗೆ ಚೀಲ, ಅದರೊಳಗೆ ಜೆರಾಕ್ಸು,
ಜೆರಾಕ್ಸಿನ ಜೆರಾಕ್ಸು,
ಮೊಹರೆಲ್ಲ ಕರಗಿ ಕರೀ ಮೋಡ.

"ಲಾಯರಮ್ಮ, ಖಾತೆ ಅವರ ಹೆಸರಲ್ಲೇ ಐತೆ.
ಅಂದ್ರೆ ಮನೆ ಅವರದೇ ತಾನೇ?"
ಅಲ್ಲ. ಖಾತೆ ಅಂದರೆ ಕಂದಾಯ ಕಟ್ಟುವವರ ಹೆಸರು.
"ಕಟ್ಟೋರು ಒಬ್ಬರು, ಮನೆ ಇನ್ನೊಬ್ಬರದಾ?"
ಇರಬಹುದು.
"ನಮ್ಮನೇಲೂ ಹಂಗೇ" ಅಂದಳು. ನಗಲಿಲ್ಲ.

"ಇ.ಸಿ. ಹದಿಮೂರು ವರ್ಷದ್ದು ಸಾಕು ಅಂದ ಬ್ರೋಕರು."
ಅವನಿಗೆ ಸಾಕು.
"ಅಡ್ವಾನ್ಸು ಐವತ್ತು ಸಾವಿರ ಕೊಟ್ಟೀನಿ."
ರಸೀದಿ?
ಕ್ಯಾಲೆಂಡರಿನ ಹಾಳೆಯೊಂದರ ಬೆನ್ನು ಮುಂದಿಟ್ಟಳು:
ನವೆಂಬರ್ ತಿಂಗಳು, ಹಿಂದೆ ಪೆನ್ಸಿಲ್ಲಿನ ಅಂಕಿ, ಸಹಿ ಇಲ್ಲ.

ಎಪ್ಪತ್ತೊಂದರ ಮೂಲ ಪತ್ರ ತರಿಸಿದೆ.
ಬೆರಳು ತಾಗಿದರೆ ಹಪ್ಪಳದ ಹಾಗೆ ಮುರಿಯುತ್ತದೆ.
ಚಕ್ಕುಬಂದಿ ಓದಿ ಹೇಳಿದೆ:
ಪೂರ್ವಕ್ಕೆ ದೊಡ್ಡಗಂಗುಲಪ್ಪನವರ ಹಿತ್ತಲು,
ಪಶ್ಚಿಮಕ್ಕೆ ಓಣಿ,
ದಕ್ಷಿಣಕ್ಕೆ ಖಾಸಾ ಉಳಿಕೆ ಜಾಗ,
ಉತ್ತರಕ್ಕೆ ಹುಣಸೆಮರ.
"ಮರ ಎಲ್ಲೈತೆ? ಅಲ್ಲಿ ಪಂಕ್ಚರ್ ಅಂಗಡಿ."
ಕಾಗದದಲ್ಲಿ ಮಾತ್ರ ಇನ್ನೂ ಹುಳಿ ಉದುರುತ್ತಿತ್ತು.

ಕೊಂಡವನು ಸತ್ತ. ಮಗ ಪಿಳ್ಳಮುನಿಶಾಮಪ್ಪನ ಹೆಸರಿಗೆ ಖಾತೆ.
ನಡುವೆ ಏಳು ವರ್ಷ ಖಾಲಿ.
ವಂಶವೃಕ್ಷದಲ್ಲಿ ಒಂದೇ ಕೊಂಬೆ,
ಕೆಳಗೆ ಹಸಿರು ಶಾಯಿ, ದುಂಡು ಮೊಹರು.
ಅವಳು ಬಗ್ಗಿ ನೋಡಿದಳು, ಓದಲು ಬಾರದಿದ್ದರೂ
ಎಳೆ ಎಲ್ಲಿ ತುಂಡಾಯಿತೆಂದು ಕಣ್ಣಿಗೆ ಗೊತ್ತು.
"ಒಬ್ಬ ಮಗಾನಾ? ಅಕ್ಕಯಮ್ಮ ಇದ್ದಳಲ್ಲ.
ನನ್ನ ಪಕ್ಕದ ಬೇಸಿನ್ನಲ್ಲೇ ನೂಲು ತೆಗೀತಿದ್ದಳು,
ಒಂದೇ ಡಬ್ಬಿ ಊಟ. ಗುಡಿಬಂಡೆಗೆ ಕೊಟ್ಟರು."

ಹಾಗಿದ್ದರೆ ಅವಳ ಸಹಿಯೂ ಬೇಕು.
"ಮದುವೇಲೇ ಕೊಟ್ಟಾಯ್ತು ಅಂತಾನೆ ಅವರಣ್ಣ."
ಮದುವೆಯ ಊಟಕ್ಕೆ ನೋಂದಣಿ ಇಲ್ಲ, ಅಂದೆ.
"ಸಹಿ ಇಲ್ಲದೆ ಕೊಂಡರೆ ಏನಾಗ್ತದೆ?"
ಅವಳು ಕೇಸು ಹಾಕಿದರೆ ಕಷ್ಟ.
"ಅವಳು ಹಾಕೋಳಲ್ಲ."
ಹಾಗಾದರೆ ಏನೂ ಆಗದೇ ಇರಬಹುದು.

ಇದೊಂದನ್ನು ನಾನು ಹೇಳಬಾರದಿತ್ತೇನೋ.
ಕೆಳಗೆ ತಕ್ಕಡಿಯವನು ತೂಕ ಕೂಗುತ್ತಿದ್ದ.
ಸೀದಿದ್ದ ಬೆರಳುಗಳನ್ನು ಒಂದೊಂದಾಗಿ ಮಡಿಸಿ
ಅವಳು ಏನೋ ಲೆಕ್ಕ ಹಾಕಿದಳು,
ಚೀಲಕ್ಕೆ ಚೀಲ ತುರುಕಿ ಎದ್ದಳು.
"ಗುಡಿಬಂಡೆ ಬಸ್ಸು ಎಷ್ಟೊತ್ತಿಗೆ?"

ಮಾರುವವರು ಒಬ್ಬರಿದ್ದದ್ದು ಇಬ್ಬರಾದರು.
ಬೆಲೆ ಅಷ್ಟೇ, ಪಾಲು ಎರಡು,
ಪಿಳ್ಳಮುನಿಶಾಮಪ್ಪ ನನ್ನ ಮುಖ ನೋಡುವುದನ್ನೇ ಬಿಟ್ಟ.

ಸಬ್‌ರಿಜಿಸ್ಟ್ರಾರ್ ಕಚೇರಿ. ಕರೆಂಟು ಹೋಗಿ ಬಂತು.
ಹೆಬ್ಬೆಟ್ಟು ಇಡಿ, ಅಂದ ಆಪರೇಟರ್.
ಖಮರುನ್ನಿಸಾ ಇಟ್ಟಳು. ಯಂತ್ರಕ್ಕೆ ಏನೂ ಕಾಣಲಿಲ್ಲ.
ಇನ್ನೊಂದ್ಸಲ. ಸೆರಗಿಗೆ ಒರೆಸಿಕೊಳ್ಳಿ. ಒತ್ತಿ ಹಿಡೀರಿ.
ಮೂವತ್ತು ವರ್ಷದ ಕುದಿನೀರು
ಗೆರೆಗಳನ್ನೆಲ್ಲ ಬಿಚ್ಚಿ ರಾಟೆಗೆ ಸುತ್ತಿಬಿಟ್ಟಿತ್ತು.
ಅಕ್ಕಯಮ್ಮನದೂ ಅದೇ ಕಥೆ, ನುಣ್ಣಗೆ, ನಾಣ್ಯದ ಬೆನ್ನು.
"ಏನಮ್ಮಾ, ಇಬ್ಬರೂ ಕೈ ಎಲ್ಲಿ ಕಳಕೊಂಡ್ರಿ?"
ಕೊನೆಗೆ ಒಬ್ಬಳ ಎಡಗೈ ಉಂಗುರಬೆರಳು,
ಇನ್ನೊಬ್ಬಳ ಕಿರುಬೆರಳು
ಒಪ್ಪಿಗೆಯಾದವು.

ಹೊರಗೆ ಗೋಲಿಸೋಡಾ ಕುಡಿಯುತ್ತಾ ಅಕ್ಕಯಮ್ಮ ಕೇಳಿದಳು,
ಅವಳು ನನ್ನನ್ನು ಕೇಳಿದ್ದು ಅದೊಂದೇ:
"ಉತ್ತರಕ್ಕೆ ಏನಂತ ಬರೆಸಿದ್ರಿ?"
ಪಂಕ್ಚರ್ ಅಂಗಡಿ.
ಗೋಲಿಯನ್ನು ಒಮ್ಮೆ ಕುಲುಕಿದಳು.
"ಮರ ಇತ್ತು" ಅಂದಳು,
"ನಾನು ಕಾಯಿ ಕೀಳ್ತಿದ್ದೆ."