ಬಾ. ಹಾ.

ಶಕ್ತಿನಗರ, ರಾತ್ರಿ ಒಂದೂವರೆ.
ಸಾವಿರದ ನಾನೂರು ವಿಳಾಸಗಳ ಪಟ್ಟಿ ಹಿಡಿದು
ಒಂದೊಂದೇ ಕದ ತಟ್ಟುತ್ತೇನೆ.

ಕೆಲವು ಕೂಡಲೇ ತೆರೆಯುತ್ತವೆ.
ಕೆಲವು ಸುಮ್ಮನೆ.
ಸರ್ವರ್ ಸತ್ತಿತೋ,
ಕರೆಂಟು ಹುಟ್ಟುವ ಈ ಊರಲ್ಲೇ ಕರೆಂಟು ಹೋಯಿತೋ,
ಯಾರಾದರೂ ಹೊರಗಿನಿಂದ ಚಿಲಕ ಜಡಿದರೋ?

ಸಿಮ್ ಬದಲಿಸುತ್ತೇನೆ.
ಡಬ್ಲಿನ್ನಿನಲ್ಲಿ ರಾತ್ರಿಪಾಳಿಯ ನಸೀಮಾಳನ್ನು ಕೇಳುತ್ತೇನೆ: ನಿನಗೆ?
"ತೆರೀತಲ್ಲ. ಒಳಗ ದೀಪ ಅದ."

ಅಪ್ಪ ಮನೆಮನೆಯ ಮೀಟರು ಓದುತ್ತಿದ್ದ.
ಬೀಗ ಕಂಡರೆ ಪುಸ್ತಕದಲ್ಲಿ ಎರಡೇ ಅಕ್ಷರ: ಬಾ. ಹಾ.
"ಬಾಗಿಲ ಹಾಕ್ಯದ ಅಂತ ಬರಿ, ಬಿಡು.
ಮನಿನೇ ಇಲ್ಲಂತ ಮಾತ್ರ ಬರೀಬ್ಯಾಡ."

ಸಾಲು ಮುನ್ನೂರ ಹದಿನೇಳು.
ಮೂರು ಸಿಮ್ಮು, ಏಳು ರಾತ್ರಿ, ಒಂದೇ ಉತ್ತರ:
ಇಂಥ ವಿಳಾಸವೇ ಇಲ್ಲ.

ಚಹಾ ಆರಿದೆ. ದಿನಾಂಕ, ಗಂಟೆ, ಕಂಪನಿಯ ಹೆಸರು ಹಾಕಿ
ಬರೆಯುತ್ತೇನೆ: ಬಾ. ಹಾ.
ಒಳಗೆ ಮೀಟರು ತಿರುಗುತ್ತಿದೆ.