ನಿವ್ವಳ

ಕುಡತಿನಿಯ ತಿರುವಿನಲ್ಲಿ ನನ್ನ ತೂಕದ ಕಟ್ಟೆ.
ಹತ್ತೊಂಬತ್ತು ವರ್ಷದಿಂದ ಈ ಕಿಟಕಿಯೊಳಗೆ ಕೂತು
ಮಾಡಿದ್ದು ಒಂದೇ ಲೆಕ್ಕ:
ತುಂಬಿದ ಗಾಡಿ, ಖಾಲಿ ಗಾಡಿ, ಕಳೆದರೆ ನಿವ್ವಳ.
ಅದಿರು ಕೆಂಪಗೆ ಬರುತ್ತದೆ, ಕಲ್ಲಿದ್ದಲು ಕಪ್ಪಗೆ,
ಬೂದಿ ತಾಡಪಾಲಿನಡಿ
ಊರು ಬಿಡುವ ಸಾಲಗಾರನ ಹಾಗೆ ಮುಸುಕು ಹಾಕಿಕೊಂಡು.
ನನ್ನ ಚೀಟಿಗೆ ಬಣ್ಣವಿಲ್ಲ. ಎಲ್ಲ ಬರೀ ಕಿಲೋ.

ನಿನ್ನೆ ಸಂಜೆ ಗಾದಿಲಿಂಗ ಬಂದ,
ಹೊಸ ಕರೆಂಟಿನ ಕಾರು.
ಸದ್ದೇ ಇಲ್ಲ. ಬಾಗಿಲಲ್ಲಿ ಮಲಗಿದ್ದ ನಾಯಿ
ಟೈರು ಬಾಲಕ್ಕೆ ತಾಗುವ ತನಕ ಏಳಲಿಲ್ಲ.
"ಸುಮ್ನ ಒಮ್ಮೆ ತೂಕ ಹಾಕಣ್ಣಾ" ಅಂದ.
ಹಿಂದೆಯೇ ಅವನ ತಮ್ಮ ಹಳೆಯ ಡೀಸೆಲ್ಲು ತಂದ,
ಹದಿನಾಲ್ಕು ವರ್ಷ ತೋರಣಗಲ್ಲಿನ ಪಾಳಿಯವರನ್ನು ಹೊತ್ತು
ಕೆಮ್ಮು ಹತ್ತಿದ ಗಾಡಿ.

ಹೊಸದೇ ಮುನ್ನೂರ ಇಪ್ಪತ್ತು ಕಿಲೋ ಹೆಚ್ಚು.
ಗಾದಿಲಿಂಗನ ಮುಖ ಸಣ್ಣಗಾಯಿತು.
"ಹೊಗೆ ಬಿಡಂಗಿಲ್ಲ, ಮತ್ತ ಇಷ್ಟು ಭಾರ ಯಾಕ?"
ಬ್ಯಾಟರಿ, ಅಂದೆ.
ಕಾಲಡಿ ಹಾಸಿಗೆಯ ಹಾಗೆ ಹಾಸಿರುತ್ತಾರೆ:
ಯಾವುದೋ ದೇಶದ ಉಪ್ಪುನೀರು ಬಿಸಿಲಿಗೆ ಒಣಗಿಸಿದ್ದು,
ಯಾವುದೋ ಗುಡ್ಡದ ಹೊಟ್ಟೆ ಬಗೆದದ್ದು,
ಯಾರದೋ ಉಗುರಿನ ಸಂದಿಯ ಮಣ್ಣು.
ಗುಡ್ಡ ಬಗೆಯುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಸಂಡೂರಿನ ಎಷ್ಟು ಗುಡ್ಡ ಈ ಕಟ್ಟೆಯ ಮೇಲೆ ಹತ್ತಿ ಇಳಿದಿದೆ,
ಚೀಟಿ ಕೊಟ್ಟವನು ನಾನೇ.

ಇಟ್ಟಿಗೆ ಲಾರಿಯ ಚೀಟಿಗೆ ಕಾದಿದ್ದಳು ಹೊನ್ನೂರಮ್ಮ,
ಹಾರುಬೂದಿಯಲ್ಲಿ ಇಟ್ಟಿಗೆ ಒತ್ತುವವಳು.
ಕಾರಿನ ಹಿಂದೆ ಬಗ್ಗಿ ನೋಡಿದಳು. ಕೊಳವೆ ಇಲ್ಲ.
"ಇದರ ಹೊಗಿ ಎಲ್ಲೈತಿ ನಾ ಬಲ್ಲೆ" ಅಂದಳು,
ಚಿಮಣಿಯ ಕಡೆ ಗದ್ದ ಎತ್ತಿ.
"ನೀ ರಾತ್ರಿ ವಾಯರ್ ಚುಚ್ಚತಿ,
ನಾ ಬೆಳಿಗ್ಗೆ ಒಗದ ಬಟ್ಟಿ ಮತ್ತ ಒಗೀತೀನಿ."
ಗಾದಿಲಿಂಗ ನಗಲಿಲ್ಲ.
ಹಳೆಯ ಗಾಡಿ ಮಾತ್ರ ಆಗಲೇ ಅವಳ ಮುಖಕ್ಕೆ
ಒಂದು ತುತ್ತು ಕಪ್ಪು ಉಗುಳಿತು.

ರಾತ್ರಿ ನಿದ್ದೆ ಬಾರದೆ ಚೀಟಿಯ ಬೆನ್ನಿಗೆ ಬರೆದೆ.
ಹಳೆಯದು ಹುಟ್ಟುವಾಗ ಕಡಿಮೆ ತಿಂದಿತ್ತು,
ಆಮೇಲೆ ದಿನಾ ತಿಂದಿತು, ಇನ್ನೂ ತಿನ್ನುತ್ತಿದೆ.
ಹೊಸದು ತೊಟ್ಟಿಲಲ್ಲೇ ಬಂಡಿ ಅನ್ನ ಉಂಡು ಬಂದ ಬಕಾಸುರ,
ಇನ್ನು ಮೇಲೆ ಅರೆಹೊಟ್ಟೆ.
ಎಲ್ಲೋ ಒಂದು ಮೈಲಿಗಲ್ಲಿನಲ್ಲಿ ಎರಡೂ ಸರಿಸಮ.
ಆ ಕಲ್ಲು ನೆಟ್ಟಲ್ಲಿ ನಿಲ್ಲುವುದಿಲ್ಲ.
ಕಲ್ಲಿದ್ದಲು ಉರಿದ ರಾತ್ರಿ ಹೊಸಪೇಟೆಯಾಚೆಗೆ ಸರಿಯುತ್ತದೆ,
ಆಷಾಢದ ಗಾಳಿಗೆ ಕಂಬದ ರೆಕ್ಕೆಗಳು ಎದ್ದರೆ
ತೆವಳಿ ಇತ್ತ ಬರುತ್ತದೆ.
ಆದರೂ ಗಾಡಿ ಬಾಳಿಕೆ ಬಂದರೆ
ಕಲ್ಲು ಸಿಕ್ಕೇ ಸಿಗುತ್ತದೆ, ಅಷ್ಟು ಮಾತ್ರ ನನ್ನ ಲೆಕ್ಕಕ್ಕೆ ದಕ್ಕಿತು.
ಹೊಸದಕ್ಕೆ ಜೈ ಎಂದು ಬರೆಯಹೊರಟೆ.

ಆಗ ನೆನಪಾಯಿತು,
ಹಳೆಯದನ್ನು ಏನು ಮಾಡುತ್ತೀ ಎಂದು ಕೇಳಿದ್ದೆ.
"ಸಿರುಗುಪ್ಪದ ಬೀಗರಿಗೆ ಮಾತಾಗೈತಿ,
ಇನ್ನೂ ಹತ್ತು ವರ್ಷ ಓಡತೈತಿ ಬಿಡು."
ಪೆನ್ನು ಮುಚ್ಚಿದೆ.
ಕಳೆಯಬೇಕಾದದ್ದು ಕಳೆಯದೆ
ಪಕ್ಕದ ತಾಲ್ಲೂಕಿಗೆ ಹೋದರೆ
ನಿವ್ವಳ ಎಂದು ಎಲ್ಲಿ ಬರೆಯಲಿ?

ಬೆಳಿಗ್ಗೆ ಲಾರಿಗಿಂತ ಮೊದಲು ಹೊನ್ನೂರಮ್ಮನೇ ಕಟ್ಟೆ ಹತ್ತಿದಳು,
ನಡುವಿಗೆ ಬಂದು, ಕೈ ಕಟ್ಟಿ ನಿಂತಳು.
"ಎಲ್ಲಾದನ್ನೂ ಹಾಕಿದಿ. ನನ್ನೂ ಹಾಕು."
ಕೆಂಪು ಅಂಕಿ ಮಿನುಗಿ ನಿಂತಿತು: ನಲವತ್ತು.
"ಆಸ್ಪತ್ರಿಯಾಗ ನಲವತ್ತಾರು ಅಂದಿದ್ರು."
ಈ ಕಟ್ಟೆ ಇಪ್ಪತ್ತು ಇಪ್ಪತ್ತು ಕಿಲೋ ಎಣಿಸುತ್ತದೆ ಅಕ್ಕಾ,
ಲಾರಿಗೆ ಮಾಡಿದ್ದು,
ನಡುವಿನದು ಕಾಣುವುದಿಲ್ಲ ಅಂದೆ.
ಅವಳು ಸೆರಗು ಕೊಡವಿದಳು. ಬೂದಿ ಎದ್ದಿತು.
"ಹಂಗಾರ ಆ ಆರು ಕಿಲೋ
ಯಾರ ಲೆಕ್ಕಕ್ಕ ಬರೀತಿ?"
ಹಿಂದೆ ಲಾರಿ ಹಾರ್ನು ಹೊಡೆಯಿತು.