ಪಟ್ಟಿಯಲ್ಲಿ ಇಲ್ಲದ್ದು

ದುರ್ಗಿಗುಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮಾಳಿಗೆ.
ಮುಬೀನಾ ತಾನೇ ಜೋಡಿಸಿದ ಪೆಟ್ಟಿಗೆ:
ಫ್ಯಾನು ತಿರುಗುತ್ತಿತ್ತು, ಪರದೆ ಕಪ್ಪು.

ಮದರ್‌ಬೋರ್ಡ್ ಒಳಗೊಂದು ಪಟ್ಟಿ ಇಟ್ಟುಕೊಂಡಿರುತ್ತದೆ,
ರೇಷನ್ ಕಾರ್ಡಿನ ಹಾಗೆ.
ಇದ್ದವರ ಹೆಸರು ಬಿಟ್ಟುಹೋಗಿರುತ್ತದೆ,
ಇಲ್ಲದವರೊಬ್ಬರು ಇನ್ನೂ ಅಕ್ಕಿ ಎತ್ತುತ್ತಿರುತ್ತಾರೆ.

ಭದ್ರಾವತಿಯ ಸುಧೀಂದ್ರ ಪೆನ್‌ಡ್ರೈವ್ ಕೊಟ್ಟಿದ್ದ:
"ಹದಿನೇಳು ತೇಪೆ ಇವೆ, ಎಲ್ಲಾ ಹಾಕಿಬಿಡು."
ಹಾಕಲಿಲ್ಲ.
ಪಕ್ಕದ ಮನೆಯ ಔಷಧಿ ಚೀಟಿಗೆ
ನಮ್ಮ ಜ್ವರ ಗೊತ್ತೇ?

ಒಂದೊಂದೇ ತೆರೆದು ಓದಿದಳು.
ಬ್ಯಾಟರಿಯದು ಬೇಡ, ಇದಕ್ಕೆ ಬ್ಯಾಟರಿಯೇ ಇಲ್ಲ.
ಪ್ರೊಸೆಸರಿಗೆ ನಿಧಾನಿಸಲು ಕಲಿಸುವುದು ಬೇಕು.
ಹಳೆಯ ಗಡಿಯಾರವನ್ನು ಎಬ್ಬಿಸುವುದೂ ಬೇಕು:
ಬೋರ್ಡು ಹೊಸದನ್ನು ಕಟ್ಟಿಕೊಂಡು ಮೆರೆಯುತ್ತಿದೆ,
ಬರಬೇಕಾದ ಸಿಸ್ಟಮ್ಮಿಗೋ
ಹಳೆಯದರ ಟಿಕ್ ಟಿಕ್ ಅಷ್ಟೇ ಅರ್ಥ.

ಉಳಿದದ್ದು ಒಂದು ಸುಳ್ಳು.
ಈ ಬೋರ್ಡಿನಲ್ಲಿ ಇಲ್ಲದ ಚಿಪ್ಪೊಂದನ್ನು
ಇದೆ ಎಂದು ಬರೆಯಬೇಕು,
ಬರೆಯದಿದ್ದರೆ ಸಿಸ್ಟಮ್ ಹೊಸ್ತಿಲು ದಾಟದು.

ಅಲ್ಲಿ ಬೆರಳು ನಿಂತಿತು.
ಈ ಮಾಳಿಗೆಯ ಬಾಡಿಗೆ ಕರಾರಿನಲ್ಲಿ
'ಗಂಡನ ಹೆಸರು' ಎಂಬ ಖಾಲಿ ಗೆರೆಯ ಮೇಲೆ
ಅವಳೇ ಹುಟ್ಟಿಸಿದ ಹೆಸರೊಂದು
ಎರಡು ವರ್ಷದಿಂದ ತಪ್ಪದೆ ಬಾಡಿಗೆ ಕಟ್ಟುತ್ತಿದೆ.

ಬರೆದಳು. ಉಳಿಸಿದಳು. ಗುಂಡಿ ಒತ್ತಿದಳು.

ಪರದೆ ಹೊತ್ತಿಕೊಂಡಿತು.
ಗಂಟೆ ಮಾತ್ರ ಐದೂವರೆ ತಾಸು ಹಿಂದೆ.
ಇರಲಿ, ಅದು ನಾಳೆ.